ಮೂರನೆಯ ಆನೆ

ಭಾನುವಾರದ ಲೋಕಲ್‌ನಲ್ಲಿಯೂ ಶಹಾಡ್‌ನಲ್ಲಿ ಹತ್ತಿದವರಿಗೆ ಕೂರಲು ಜಾಗ ಸಿಗುವುದು ಅಪರೂಪ. ಅಂದು ಸಿಕ್ಕಿತ್ತು. ಏಳನೆಯ ತರಗತಿಯ ಮಗಳೊಡನೆ ಭಾಯಖಳಾದ ರಾಣಿಬಾಗ್‌ಗೆ ಹೊರಟಿದ್ದೆ. ಕಲ್ಯಾಣ ದಾಟುತ್ತಿದ್ದಂತೆ ಅವಳು, “ಅಪ್ಪಾ, ಆನೆಯಲ್ಲಿ ಎಷ್ಟು ಪ್ರಭೇದ?” ಎಂದು ಕೇಳಿದಳು. “ಎರಡು. ಏಷ್ಯಾದ್ದು, ಆಫ್ರಿಕಾದ್ದು,” ಎಂದೆ. “ತಪ್ಪು. ಮೂರು,” ಎಂದಳು.

ರಾಣಿಬಾಗ್‌ನಲ್ಲಿ, ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಬಳಿ, ಕಲ್ಲಿನ ಆನೆಯೊಂದು ನಿಂತಿದೆ. ಘಾರಾಪುರಿ ದ್ವೀಪಕ್ಕೆ ಪೋರ್ಚುಗೀಸರು ಎಲಿಫೆಂಟಾ ಎಂದು ಹೆಸರಿಟ್ಟದ್ದು ಇದನ್ನು ನೋಡಿಯೇ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಅದು ಬಿದ್ದು ಒಡೆಯಿತು. 1914ರಲ್ಲಿ ತುಣುಕುಗಳನ್ನು ಮತ್ತೆ ಜೋಡಿಸಿದರು. ದ್ವೀಪಕ್ಕೆ ಆನೆಯ ಹೆಸರು ಉಳಿದಿದೆ, ಆನೆ ಮಾತ್ರ ಇಲ್ಲಿದೆ. ಹೆಸರೂ ಒಡಲೂ ಹೀಗೆ ಅಗಲಿ ಬಾಳುವುದುಂಟೆಂದು ಅದರ ಮುಂದೆ ನಿಂತಾಗ ಅನ್ನಿಸಿತು.

ರಾತ್ರಿ ಮನೆಯಲ್ಲಿ ಮಗಳ ಮಾತನ್ನು ಪರೀಕ್ಷಿಸಲು ಕುಳಿತೆ. ಅವಳೇ ಸರಿ. 1758ರಲ್ಲಿ ಲಿನಿಯಸ್ ಆನೆಗೆ ‘ಎಲಿಫಾಸ್ ಮ್ಯಾಕ್ಸಿಮಸ್’ ಎಂದು ಹೆಸರಿಟ್ಟಾಗ ಅವನ ಮನಸ್ಸಿನಲ್ಲಿದ್ದದ್ದು ಸಿಂಹಳದ ಆನೆ. ಆದರೆ ಅವನು ಆಧರಿಸಿದ್ದ ಮಾದರಿಗಳಲ್ಲಿ, ಮದ್ಯಸಾರದಲ್ಲಿ ಕಾಪಿಟ್ಟ ಭ್ರೂಣವೊಂದಿತ್ತು. ಎರಡೂವರೆ ಶತಮಾನದ ಬಳಿಕ ಅದರ ಪ್ರೋಟೀನುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಅದು ಆಫ್ರಿಕಾದ ಆನೆಯ ಭ್ರೂಣವೆಂದು 2013ರಲ್ಲಿ ತಿಳಿಸಿದರು. ನಮ್ಮ ಆನೆಯ ಅಧಿಕೃತ ಪ್ರತಿನಿಧಿಯಾಗಿ ಇಟಲಿಯ ಫ್ಲಾರೆನ್ಸ್‌ನಲ್ಲಿರುವ ಅಸ್ಥಿಪಂಜರವನ್ನು ಆರಿಸಬೇಕಾಯಿತು. ಹೆಸರು ಉಳಿಯಿತು, ಸಾಕ್ಷಿ ಬದಲಾಯಿತು.

ಆಫ್ರಿಕಾದ ಆನೆ ಬೇರೆಯೆಂದು ಬ್ಲೂಮೆನ್‌ಬಾಖ್ ಗುರುತಿಸಿದ್ದು 1797ರಲ್ಲಿ. ಅದರ ಕುಲದ ಹೆಸರು ‘ಲೋಕ್ಸೊಡಾಂಟಾ’, ಅಂದರೆ ಓರೆ ಹಲ್ಲಿನದು. ದವಡೆಹಲ್ಲಿನ ಮೇಲಿನ ವಜ್ರಾಕೃತಿಯ ಏಣುಗಳಿಂದ ಬಂದದ್ದು. ನಮ್ಮ ಆನೆಯ ಹಣೆಯಲ್ಲಿ ಎರಡು ಉಬ್ಬು, ಸೊಂಡಿಲ ತುದಿಯಲ್ಲಿ ಒಂದೇ ಬೆರಳು. ಆಫ್ರಿಕಾದ್ದಕ್ಕೆ ಎರಡು ಬೆರಳು. ನಮ್ಮ ಆನೆಗೆ ಆಫ್ರಿಕಾದ ಆನೆಗಿಂತ ಅಳಿದುಹೋದ ಮ್ಯಾಮತ್ ಹತ್ತಿರದ ನೆಂಟ.

ಮೂರನೆಯದು ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ ಕಾಡಾನೆ: ಗಾತ್ರ ಕಿರಿದು, ಕಿವಿ ದುಂಡು, ದಂತ ನೇರ. 1900ರಲ್ಲಿಯೇ ಮಾಟ್ಶಿ ಅದಕ್ಕೆ ಹೆಸರಿಟ್ಟಿದ್ದರೂ, ಬಹುಕಾಲ ಅದನ್ನು ಹುಲ್ಲುಗಾವಲಿನ ಆನೆಯ ಉಪಜಾತಿಯೆಂದೇ ಎಣಿಸಿದರು. 2001ರ ಡಿಎನ್‌ಎ ಅಧ್ಯಯನ ಇವೆರಡೂ ಬೇರೆಯೆಂದಿತು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ತನ್ನ ಕೆಂಪುಪಟ್ಟಿಯಲ್ಲಿ ಇವನ್ನು ಮೊದಲ ಬಾರಿ ಪ್ರತ್ಯೇಕವಾಗಿ ಪರಿಗಣಿಸಿದ್ದು 2021ರಲ್ಲಿ. ಹಾಗೆ ಎಣಿಸಿದಾಗ ಕಂಡದ್ದೇನು? 31 ವರ್ಷಗಳಲ್ಲಿ ಕಾಡಾನೆಗಳ ಸಂಖ್ಯೆ ಶೇಕಡಾ 86ಕ್ಕೂ ಹೆಚ್ಚು ಕುಸಿದಿತ್ತು. ಎರಡನ್ನೂ ಒಂದೇ ಹೆಸರಿನಡಿ ಎಣಿಸುತ್ತಿದ್ದಾಗ ದೊಡ್ಡದರ ನೆರಳಿನಲ್ಲಿ ಚಿಕ್ಕದರ ಅಳಿವು ಮರೆಯಾಗಿತ್ತು.

ನಮ್ಮವರೂ ಆನೆಯನ್ನು ವಿಂಗಡಿಸಿದ್ದರು. ನಾನು ದಿನವೂ ದಾಟುವ ಕಲ್ಯಾಣವಲ್ಲ, ಚಾಲುಕ್ಯರ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ತನ್ನ ‘ಮಾನಸೋಲ್ಲಾಸ’ದಲ್ಲಿ ಆನೆಗಳ ವಿಷಯವನ್ನು ವಿಸ್ತಾರವಾಗಿ ಬರೆದಿದ್ದಾನೆ. ಗಜಶಾಸ್ತ್ರದ ಭದ್ರ, ಮಂದ, ಮೃಗಗಳೆಂಬ ಭೇದಗಳು ಒಂದೇ ಪ್ರಭೇದದೊಳಗಿನ ಮೈಕಟ್ಟು, ಸ್ವಭಾವಗಳವು. ಅರಸನಿಗೆ ಬೇಕಾದದ್ದು ಯುದ್ಧಕ್ಕೆ ಯಾವುದು, ಸವಾರಿಗೆ ಯಾವುದು ಎಂಬ ತಿಳಿವು. ಶಿವಮೊಗ್ಗದ ನನ್ನ ಬಾಲ್ಯದಲ್ಲಿ ಕಂಡ ಸಕ್ರೆಬೈಲಿನ ಮಾವುತರಿಗೋ ಅದೂ ಬೇಡ. ತುಂಗೆಯ ಹಿನ್ನೀರಿನಲ್ಲಿ ಮೀಯುವ ಪ್ರತಿ ಆನೆಗೂ ಒಂದು ಹೆಸರು, ಕರೆದರೆ ಅದು ತಿರುಗಿ ನೋಡುತ್ತಿತ್ತು. ಯಾವ ಪಟ್ಟಿಯ ಹಿಂದೆಯೂ ಪಟ್ಟಿ ಮಾಡುವವನ ಅಗತ್ಯವೊಂದಿರುತ್ತದೆ.

ಇದನ್ನೆಲ್ಲ ಮಗಳಿಗೆ ವಿವರಿಸುತ್ತಿದ್ದಾಗ ನನ್ನ ಮಾತು ಒಂದೆಡೆ ತಡೆಯಿತು. ಸರಕಾರಿ ನೌಕರನಾಗಿ ನಾನು ಹಗಲೆಲ್ಲ ಮಾಡುವುದು ಕಾಲಮುಗಳನ್ನು ತುಂಬುವ, ಬೇರೆಯವರು ತುಂಬಿದ್ದನ್ನು ಪರಿಶೀಲಿಸುವ ಕೆಲಸ. ಆದರೂ ಅವಳನ್ನು ಒಂದನೆಯ ತರಗತಿಗೆ ಸೇರಿಸುವಾಗ ಅರ್ಜಿಯ ‘ಮಾತೃಭಾಷೆ’ಯ ಮುಂದೆ ‘ಹಿಂದಿ’ ಎಂದು ಬರೆದವನು ನಾನೇ. ಯಾರೂ ಒತ್ತಾಯಿಸಿರಲಿಲ್ಲ. ಮುಂದೆ ತೊಡಕಾಗದಿರಲಿ ಎಂಬ ಅನುಕೂಲದ ಲೆಕ್ಕಾಚಾರ. ಆ ಬಳಿಕ ಮನೆಯಲ್ಲಿಯೂ ಕನ್ನಡ ಸ್ವಲ್ಪ ಸ್ವಲ್ಪವಾಗಿ ಕರಗಿತು. ಈಗ ಅವಳು ಕನ್ನಡವನ್ನು ಮಾತಾಡಬಲ್ಲಳು, ಓದಲಾರಳು. ಈ ನಷ್ಟ ಯಾವ ದಾಖಲೆಯಲ್ಲಿಯೂ ಕಾಣದು. ಏಕೆಂದರೆ ದಾಖಲೆಯ ಪ್ರಕಾರ ಕಳೆದುಕೊಳ್ಳಲು ಅವಳ ಬಳಿ ಕನ್ನಡವೇ ಇರಲಿಲ್ಲ.

ಅವಳಿಗೆ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, “ಆನೇದು ತಿದ್ದಿದ್ರಲ್ಲ, ಇದನ್ನೂ ತಿದ್ದಬಹುದಾ?” ಎಂದಳು.

ಮರುದಿನ ಶಾಲೆಗೆ ತಿದ್ದುಪಡಿಯ ಅರ್ಜಿ ಬರೆದೆ. ಆದರೆ ಕಾಲಮನ್ನು ತಿದ್ದಿದ ಮಾತ್ರಕ್ಕೆ ಆನೆ ಉಳಿಯುವುದಿಲ್ಲವೆಂಬುದೂ ಗೊತ್ತು. ಆದ್ದರಿಂದ ಈಗ ರಾತ್ರಿ ಊಟವಾದ ಮೇಲೆ ಅರ್ಧ ತಾಸು ನಾವಿಬ್ಬರೂ ಅಕ್ಷರಮಾಲೆಯೊಡನೆ ಕೂರುತ್ತೇವೆ. ‘ಅ’ ಆಗಿದೆ. ‘ಆ’ ಬರೆದು, ಅದರ ಮುಂದೆ ಅವಳೇ ಆನೆಯ ಚಿತ್ರ ಬಿಡಿಸಿದ್ದಾಳೆ. ಕಿವಿ ಚಿಕ್ಕದು, ಹಣೆಯಲ್ಲಿ ಎರಡು ಉಬ್ಬು.