ಎರಡು ಕಿಲೋದ ಕಣ್ಣು

ರಬಕವಿಯಲ್ಲಿ ಹಕ್ಕಿಯ ದನಿ ಕೇಳಬೇಕಾದರೆ ಕರೆಂಟು ಹೋಗಬೇಕು. ಓಣಿ ಓಣಿಯಲ್ಲೂ ಪಾವರ್‌ಲೂಮು. ನಸುಕಿನಿಂದ ಸರುವೊತ್ತಿನವರೆಗೆ ಖಟ್‌ಖಟ್ ಖಟ್‌ಖಟ್. ಹುಟ್ಟಿದಾರಭ್ಯ ಕೇಳಿದ ನಮಗೆ ಅದು ಸಪ್ಪಳವೇ ಅಲ್ಲ; ನಿಂತರೇ ಗಾಬರಿ. ಬೀಗರ ಊರಿಗೆ ಹೋದರೆ ನಿದ್ದೆ ಹತ್ತುವುದಿಲ್ಲ. ಇಂಥ ಊರಿನಲ್ಲಿ ಮಟಮಟ ಮಧ್ಯಾಹ್ನ ಕರೆಂಟು ಹೋಯಿತೆನ್ನಿ, ಎಲ್ಲಿದ್ದವೋ ಏನೋ, ಬೇವಿನ ಮರದ ಗೊರವಂಕ, ತಂತಿಯ ಮೇಲಿನ ಕಾಜಾಣ, ಹಿತ್ತಲ ಗುಬ್ಬಿ, ಎಲ್ಲಕ್ಕೂ ಒಮ್ಮೆಗೇ ಬಾಯಿ ಬರುತ್ತದೆ. ಅವು ಮೊದಲೂ ಮಾತಾಡುತ್ತಲೇ ಇದ್ದವು, ನಮಗೆ ಪುರುಸೊತ್ತಿರಲಿಲ್ಲ.

ಸಾಲಿಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದ ಮೇಲೆ ನನಗೆ ಪುರುಸೊತ್ತೂ ಬಂತು, ಒಂದಿಷ್ಟು ರೊಕ್ಕವೂ ಬಂತು. 150-600 ಎಂ.ಎಂ.ನ ಟೆಲಿಫೋಟೋ ಲೆನ್ಸು ತರಿಸಿದೆ. ಪೆಟ್ಟಿಗೆ ಬಿಚ್ಚಿದಾಗ ನಮ್ಮವಳು ಅದರ ಬೆಲೆ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದರ ರೊಕ್ಕದಾಗ ಒಂದ್ ಜೋಡಿ ಪಾಟ್ಲಿ ಆಗ್ತಿದ್ದುವು" ಎಂದಳು. ಆಮೇಲೆ ಎರಡು ಕಿಲೋದ ಆ ಕೊಳವೆಯನ್ನು ಕೈಯಲ್ಲಿ ಎತ್ತಿ ನೋಡಿ, ತಾನೇ ಸಮಾಧಾನ ಹೇಳಿದಳು: "ಪಾಟ್ಲಿ ಇಷ್ಟು ಭಾರ ಇರ್ತಿರಲಿಲ್ಲ ಬಿಡ್ರಿ."

ಹೊಳೆದಂಡೆಗೆ ಹೋದರಂತೂ ಕಥೆಯೇ ಬೇರೆ. ಜಮಖಂಡಿ ಕಡೆಯ ಒಂದು ಹಳ್ಳಿಯಲ್ಲಿ ಕೃಷ್ಣೆಯ ದಂಡೆಗೆ ಮೂರು ಕಾಲಿನ ಸ್ಟ್ಯಾಂಡು ಹೂಡಿ, ಕೊಕ್ಕರೆಯೊಂದರ ಮೇಲೆ ಕಣ್ಣು ನೆಟ್ಟು ನಿಂತಿದ್ದೆ. ಹಿಂದೆ ನಾಲ್ಕೈದು ಜನ ಬಂದು ನಿಂತದ್ದು ಗೊತ್ತೇ ಆಗಲಿಲ್ಲ. ಹಿರಿಯರೊಬ್ಬರು ರುಮಾಲು ಸರಿಮಾಡಿಕೊಂಡು ಕೇಳಿದರು: "ಸಾಹೇಬ್ರ, ನಮ್ಮ ಹೊಲ ಐನೂರಾ ಇಪ್ಪತ್ನಾಲ್ಕರಾಗ ಬರ್ತೈತೇನ್ರಿ?" ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು 2010ರ ನ್ಯಾಯಮಂಡಳಿ ತೀರ್ಪಿನಿಂದ ಈಚೆಗೆ ನಮ್ಮ ಜಿಲ್ಲೆಯ ಚಹಾದಂಗಡಿಗಳಲ್ಲೆಲ್ಲ ಇದೆ. ಸ್ಟ್ಯಾಂಡು ಕಂಡರೆ ಸರ್ವೆಯವರು, ಸರ್ವೆಯವರು ಕಂಡರೆ ಮುಳುಗಡೆ. ನಾನು ಹಕ್ಕಿ ಫೋಟೋ ತೆಗೆಯುವವ ಎಂದೆ, ಯಾರೂ ನಂಬಲಿಲ್ಲ. ತೆಗೆದದ್ದನ್ನು ತೋರಿಸಿದೆ. ಅಜ್ಜ ಕೊಕ್ಕರೆಯನ್ನು ಬಹಳ ಹೊತ್ತು ನೋಡಿದರು. "ಇದರದೇನ್ರಿ, ನೀರ ಬಂದ್ರ ಛಲೋನ ಆತು ಇದಕ್ಕ" ಎಂದು ನಕ್ಕು, ಮನೆಗೆ ಕರೆದೊಯ್ದು ಚಹಾ ಕುಡಿಸಿ ಕಳಿಸಿದರು. ಹೊಲ ತೋರಿಸಿಯೇ ಕಳಿಸಿದರು ಎನ್ನಬೇಕು. ಯಾಕೆ ಬೇಕು, ಇರಲಿ ಎಂದು.

ಈ ಲೆನ್ಸಿಗೊಂದು ವಿಚಿತ್ರ ಸ್ವಭಾವ. ಏಳೆಂಟು ಅಡಿಗಿಂತ ಹತ್ತಿರ ಬಂದದ್ದು ಅದಕ್ಕೆ ಕಾಣುವುದೇ ಇಲ್ಲ. ಹೊಲದಾಚೆಯ ಕಂಬದ ಮೇಲೆ ಕೂತ ನೀಲಕಂಠದ ಪುಕ್ಕ ಎಣಿಸಿಕೊಡುವಂಥದ್ದು, ನನ್ನ ಚಹಾದ ಬಟ್ಟಲ ಪಕ್ಕಕ್ಕೇ ಬಂದು ಚುರಮುರಿ ಹೆಕ್ಕುವ ಗುಬ್ಬಿಯ ಮುಂದೆ ಗರ್ರ್ ಗರ್ರ್ ಎಂದು ಹಿಂದೆ ಮುಂದೆ ತಡಕಾಡಿ ಕೈಚೆಲ್ಲುತ್ತದೆ. ಗುಬ್ಬಿಗಾಗಿ ನಾನೇ ಎದ್ದು ಹಿಂದೆ ಸರಿಯಬೇಕು. ಎದ್ದರೆ ಅದು ಹಾರುತ್ತದೆ. ವಯಸ್ಸಾದ ಮೇಲೆ ನನ್ನ ಕಣ್ಣೂ ಇದೇ ಪಂಗಡ ಸೇರಿದೆ. ಪೇಪರನ್ನು ಮಾರುದೂರ ಹಿಡಿದರೆ ಅಕ್ಷರ ಕಾಣುತ್ತದೆ. ಹಾಗಾಗಿ ನಮ್ಮಿಬ್ಬರ ಹೊಂದಾಣಿಕೆಗೆ ಕೊರತೆಯಿಲ್ಲ.

ಚಳಿಗಾಲದಲ್ಲಿ ಕ್ಯಾಮೆರಾ ಇದ್ದವರೆಲ್ಲ ಫ್ಲೆಮಿಂಗೊ ಬಂದಿವೆ ಎಂದು ಆಲಮಟ್ಟಿಯ ಹಿನ್ನೀರಿಗೆ ಓಡುತ್ತಾರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತಿಗಾಗಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗುತ್ತಾರೆ. ಗೋಕಾಕ ತಾಲೂಕಿನ ಧೂಪದಾಳದಲ್ಲಿ 1974ರಿಂದ ಘಟಪ್ರಭಾ ಪಕ್ಷಿಧಾಮವೇ ಇದೆ. ನಾನೂ ಹೋಗಿ ಬಂದಿದ್ದೇನೆ. ಅಲ್ಲಿ ಹಕ್ಕಿಗಿಂತ ಲೆನ್ಸುಗಳೇ ಒಂದನ್ನೊಂದು ಹೆಚ್ಚು ನೋಡುತ್ತಿರುತ್ತವೆ. ಮೂಡಿಗೆರೆಯಲ್ಲಿದ್ದುಕೊಂಡು ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಬಿದ್ದ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ, ಒಂದೊಂದಕ್ಕೂ ಲೆಕ್ಕ. ಈಗ ಗುಂಡಿ ಒತ್ತಿ ಹಿಡಿದರೆ ನಾಲ್ಕೇ ಸೆಕೆಂಡಿನಲ್ಲಿ ಅಷ್ಟು ಚಿತ್ರ ಬರುತ್ತವೆ, ತಾಳ್ಮೆಯೊಂದು ಬಿಟ್ಟು.

ನನಗೆ ಗಂಟುಬಿದ್ದದ್ದು ಮನೆಯ ಮಗ್ಗುಲಿನದೇ ಹಕ್ಕಿ, ಗೀಜಗ. ಊರ ಹೊರಗೆ ಕಬ್ಬಿನ ಹೊಲದ ಮೂಲೆಯಲ್ಲಿ ಒಂದು ಹಳೇ ಬಾವಿಯಿದೆ. ಬೋರು ಬಂದ ಮೇಲೆ ಅದರ ನೀರನ್ನು ಯಾರೂ ಎತ್ತುವುದಿಲ್ಲ. ಬಾವಿಯ ಮೇಲೆ ಬಾಗಿದ ಜಾಲಿ, ಜಾಲಿಯ ತುಂಬ ಗೂಡು. ಮಿರಗದ ಮಳೆ ಬಿದ್ದಿತೆಂದರೆ ಗಂಡು ಗೀಜಗದ ತಲೆಗೆ ಅರಿಸಿನದ ಬಣ್ಣ ಬಂದು ಕೆಲಸ ಶುರು. ಅದು ಕಬ್ಬಿನ ಗರಿಯ ಅಂಚಿಗೆ ಕೊಕ್ಕಿನಿಂದ ಒಂದು ಕಚ್ಚು ಹಾಕುತ್ತದೆ. ಆ ತುದಿಯನ್ನು ಬಿಗಿಯಾಗಿ ಕಚ್ಚಿಕೊಂಡು ಹಾರಿಬಿಡುತ್ತದೆ. ಗರಿ ಪರ್ರನೆ ಸೀಳಿ ಉದ್ದಕ್ಕೆ ಎಳೆಯಾಗಿ ಬರುತ್ತದೆ, ಗೇಣಿನಿಂದ ಮೊಳದವರೆಗೆ. ಒಂದು ಗೂಡಿಗೆ ಇಂಥ 500 ಫೇರಿಯವರೆಗೂ ಹೊಡೆಯುವುದುಂಟು. ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು ಹೊತ್ತಿನಲ್ಲಿ ಹಿಡಿದರೂ ಆ ಎಳೆಯ ತುದಿ ಮಸುಕಾಗಿಯೇ ಬರುತ್ತದೆ.

ಈ ಚಿತ್ರಗಳಿಗೆ ಸಿಕ್ಕ ಒಬ್ಬರೇ ನಿಜವಾದ ವಿಮರ್ಶಕರು ನಮ್ಮ ಓಣಿಯ ಕಾಕಾ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತ ಆಯುಷ್ಯ ಕಳೆದವರು. ಮಗ ಪಾವರ್‌ಲೂಮು ಹಾಕಿದ, ಸಾಲವಾಯಿತು, ಮಾರಿ ಪುಣೆಗೆ ಹೋದ. ಕಾಕಾನ ಮನೆಯಲ್ಲಿ ಈಗ ಕರೆಂಟು ಇದ್ದಾಗಲೂ ಹಕ್ಕಿ ಕೇಳುತ್ತದೆ. ಮೊದಲ ಸಲ ಕ್ಯಾಮೆರಾದ ಪರದೆಯಲ್ಲಿ ಗೀಜಗವನ್ನು ತೋರಿಸಿದಾಗ ಅವರು, "ದೊಡ್ಡದು ಮಾಡ್ರಿ ಮಾಸ್ತರ" ಎಂದರು. ಮಾಡಿದೆ. "ಇನ್ನೂ ಮಾಡ್ರಿ." ನಾನು ಇಡೀ ಮುಂಜಾನೆ ಕಾದು ಹಿಡಿದಿದ್ದ ಹಕ್ಕಿ ಪರದೆಯಿಂದ ಹೊರಗೆ ಹೋಗಿ ಗೂಡಿನ ಎಳೆಗಳಷ್ಟೇ ಉಳಿದವು.

"ಹಾಂ, ಈಗ ಕಾಣಸ್ತು. ಹಾಸೂ ಇಲ್ಲ, ಲಾಳಿನೂ ಇಲ್ಲ, ಬರೇ ಬಾಯಿಲೆ ನೇದಾನ ಮಗ. ಇಲ್ನೋಡ್ರಿ, ಗಂಟು. ಜಗ್ಗಿದಷ್ಟೂ ಬಿಗೀತೈತಿ." ಅವತ್ತಿನಿಂದ ಅವರ ಬಾಯಲ್ಲಿ ಗೀಜಗ 'ಅಂವ' ಆಯಿತು. ಗೂಡಿನ ಒಳಗೋಡೆಗೆ ಕೆಸರು ಮೆತ್ತುತ್ತದೆ ಎಂದು ನಾನು ಹೇಳಿದರೆ, "ಅದಕ್ಕ ಮಿಣಕಹುಳ ಅಂಟಸ್ತಾನ. ರಾತ್ರಿ ಪಾಳಿಗೆ ದೀಪ ಬೇಕಲ್ರಿ?" ಎಂದರು. ಕೆಸರಿನ ಮಾತು ಖರೆ, ಮಿಂಚುಹುಳುವಿನದು ಬರೀ ಕಥೆ. ತಿದ್ದಲಿಲ್ಲ. ರಾತ್ರಿ ಪಾಳಿ ಮಾಡಿದವರ ಎದುರು ದೀಪದ ವಿಷಯದಲ್ಲಿ ವಾದಿಸಬಾರದು.

ಸಾಲಿಂ ಅಲಿಯವರು ಕೆಲಸ ಕಳೆದುಕೊಂಡು ಮಹಾರಾಷ್ಟ್ರದ ಕಡಲ ಹಳ್ಳಿ ಕಿಹಿಮ್‌ನಲ್ಲಿದ್ದಾಗ, 1930ರ ಸುಮಾರಿಗೆ, ಇದೇ ಗೀಜಗದ ಗೂಡುಗಳನ್ನು ನೋಡುತ್ತ ಕೂತು ಅದರ ಸಂಸಾರದ ಗುಟ್ಟೆಲ್ಲ ಬರೆದಿಟ್ಟರು. ಗಂಡು ಗೂಡನ್ನು ಅರ್ಧ ಕಟ್ಟಿ, ಅದಕ್ಕೇ ಜೋತುಬಿದ್ದು ರೆಕ್ಕೆ ಬಡಿದು ಕರೆಯುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುತ್ತದೆ. ಒಪ್ಪಿದರೆ ಉಳಿದರ್ಧವೂ ಕೆಳಗಿನ ಉದ್ದ ಕೊಳವೆಯೂ ಆಗುತ್ತವೆ. ಒಪ್ಪದಿದ್ದರೆ ಗೂಡು ಅಲ್ಲಿಗೇ ನಿಂತಿತು. ಒಪ್ಪಿ ಸಂಸಾರ ಹೂಡಿದಳೆನ್ನಿ, ಗಂಡು ಪಕ್ಕದಲ್ಲೇ ಮತ್ತೊಂದು ಗೂಡು ಶುರುಮಾಡಿ ಮತ್ತೊಬ್ಬಳಿಗಾಗಿ ರೆಕ್ಕೆ ಬಡಿಯುತ್ತದೆ. ಈ ಕೊನೆಯ ಭಾಗವನ್ನು ನಾನು ಮನೆಯಲ್ಲಿ ಹೇಳಿಲ್ಲ.

ಒಂದು ಚಿತ್ರದ ಅಂಚಿನಲ್ಲಿ ಅಂಥ ಅರ್ಧ ಗೂಡು ತಾನಾಗಿ ಬಂದು ಸೇರಿತ್ತು. ಹಸಿರು ಕಂದಿದೆ, ಹಕ್ಕಿ ಇಲ್ಲ. ಕತ್ತರಿಸಿ ತೆಗೆಯುವವನಿದ್ದೆ. ಕಾಕಾನ ಬೆರಳು ಅಲ್ಲಿಗೇ ಹೋಯಿತು.

"ಇದ್ಯಾಕ ಅರ್ಧಕ್ಕ ಬಿಟ್ಟಾನ?"

"ಹೆಣ್ಣಿಗೆ ಪಸಂದ ಬರಲಿಲ್ಲ, ಕಾಕಾ."

"ಎಲ್ಲಿ ತಪ್ಪೇತಿ ಅಂತ ತೋರಿಸ್ಯಾಳೇನು?"

"ಇಲ್ಲ. ಹಾರಿ ಹೋಗ್ತಾಳ, ಅಷ್ಟ."

"ನಮ್ಮ ಸಾವ್ಕಾರ ತೋರಸ್ತಿದ್ದ. ಸೆರಗ ಬೆಳಕಿಗೆ ಹಿಡದು, ಇಲ್ಲಿ ಎಳಿ ತಪ್ಪೇತಿ ನೋಡು ಅಂತ. ಮಜೂರಿ ಮುರಕೊಂಡ್ರೂ ಸೀರಿ ತಗೋತಿದ್ದ." ಮತ್ತೆ ದೊಡ್ಡದು ಮಾಡಿಸಿ ಎಳೆ ಎಳೆಯಾಗಿ ನೋಡಿದರು. "ಇದರಾಗ ಖೋಟಾ ಏನೂ ಇಲ್ಲ, ಮಾಸ್ತರ. ಕೆಲಸ ಖಡಕ್ ಐತಿ."

ಅದನ್ನೇ ಪ್ರಿಂಟು ಹಾಕಿಸಿಕೊಡಲು ಕೇಳಿದರು. ಬನಹಟ್ಟಿಯ ಸ್ಟುಡಿಯೋದ ಹುಡುಗ ಎರಡೆರಡು ಸಲ ಹೇಳಿದ: "ಸರ್, ಇದರಾಗ ಹಕ್ಕೀನ ಇಲ್ರಿ." ಮಗ್ಗವಿದ್ದ ಕೋಣೆಯ ಗೋಡೆಯಲ್ಲಿ ಈಗ ಅದಿದೆ. ನನ್ನ ಚಿತ್ರಗಳಲ್ಲಿ ಯಾರಾದರೂ ಗೋಡೆಗೆ ಹಾಕಿಕೊಂಡದ್ದು ಅದೊಂದೇ.

ಈಚೆಗೆ ಶೋಕೇಸಿನಲ್ಲಿಡಲು ಗೀಜಗದ ಗೂಡು ಕೊಯ್ದು ಒಯ್ಯುವವರಿದ್ದಾರೆ. ಕೇಳಿದರೆ ಖಾಲಿ ಇತ್ತು ಎನ್ನುತ್ತಾರೆ. ಗೀಜಗ ಬಿಟ್ಟ ಹಳೇ ಗೂಡಿನಲ್ಲಿ ರಾಟವಾಳಗಳು ಮೊಟ್ಟೆ ಇಡುವುದುಂಟು. ಹೊರಗೆ ನಿಂತು ನೋಡಿದವರಿಗೆ ಅದು ಖಾಲಿಯೇ. ಮಿರಗದ ಮಳೆಯಾದ ಮೇಲೆ ನಮ್ಮ ಕಡೆ ಬಂದರೆ ಆ ಬಾವಿಯ ದಾರಿ ನಾನೇ ತೋರಿಸುತ್ತೇನೆ. ಕುಡುಗೋಲು, ಕತ್ತರಿ ಮನೆಯಲ್ಲೇ ಬಿಟ್ಟು ಬನ್ನಿ. ಲೆನ್ಸು ಇಲ್ಲದಿದ್ದರೂ ನಡೆಯುತ್ತದೆ, ನನ್ನದಿದೆ; ಹೊರುವವರು ಮಾತ್ರ ನೀವಾಗಬೇಕು.