ನಂಬರ್ ನಮ್ಮದೇ, ಗಾಡಿ ಯಾರದು?

ತುಮಕೂರಿನ ಒಂದು ಮನೆಗೆ ಅಂಚೆಯಲ್ಲಿ ದಂಡದ ನೋಟಿಸು ಬಂತು. ಬೆಂಗಳೂರಿನ ಸಿಗ್ನಲ್ಲೊಂದರಲ್ಲಿ ಕೆಂಪು ದೀಪ ದಾಟಿದ ಆರೋಪ. ಆ ಮನೆಯ ಹಳೆಯ ಸ್ಕೂಟರ್ ಊರಿನ ಗಡಿ ದಾಟಿದ್ದೇ ಇಲ್ಲ! ಒಂಬತ್ತನೇ ತರಗತಿಯ ಮಗಳು ಫೋಟೊ ನೋಡಿ, ‘ಅಪ್ಪಾ, ನಂಬರ್ ನಮ್ಮದೇ, ಆದರೆ ಇದು ಬೈಕು’ ಎಂದಳು. ದಂಡ ತಪ್ಪಿತು ನಿಜ. ಅದಕ್ಕಾಗಿ ಅಪ್ಪ ಮೂರು ದಿನ ರಜೆ ಹಾಕಿ ಅಲೆದದ್ದು ಯಾವ ಲೆಕ್ಕಕ್ಕೂ ಸೇರಲಿಲ್ಲ.

ಹಳೆಯ ಫಲಕದ ದೋಷವೇ ಇದು. ಅಂಗಡಿಗೆ ಹೋಗಿ ಯಾವ ನಂಬರ್ ಹೇಳಿದರೂ ಬರೆದುಕೊಡುತ್ತಿದ್ದರು. ಎರಡು ಸ್ಕ್ರೂ ಬಿಚ್ಚಿದರೆ ಒಂದು ಗಾಡಿಯದು ಇನ್ನೊಂದಕ್ಕೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ಫಲಕ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಗಾಡಿಗಳಿಗೂ ಹಾಕಿಸಬೇಕೆಂದು ಕರ್ನಾಟಕ ಸರ್ಕಾರ 2023ರಲ್ಲಿ ಆದೇಶಿಸಿತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಅದರ ಜೊತೆಗೆ ಈ ಅಪ್ಪನ ‘ನಾಳೆ ನೋಡೋಣ’ವೂ. ನೋಟಿಸಿನ ಗಲಾಟೆ ಮುಗಿದ ವಾರವೇ ಅರ್ಜಿ ಹಾಕಿದರು.

ಹೊಸ ಫಲಕ ಬಂತು. ಅಲ್ಯೂಮಿನಿಯಂ ತಗಡಿನಲ್ಲಿ ಉಬ್ಬಿದ ಅಕ್ಷರಗಳು. ಅವುಗಳ ಮೇಲೆಯೇ ಓರೆಯಾಗಿ ‘ಇಂಡಿಯಾ’ ಎಂಬ ಸಣ್ಣ ಅಚ್ಚು. ಎಡಗಡೆ ಅಶೋಕ ಚಕ್ರದ ಹೊಲೋಗ್ರಾಂ, ಲೇಸರಿನಿಂದ ಕೊರೆದ ಗುರುತು ಸಂಖ್ಯೆ. ಈ ಸಂಖ್ಯೆ ವಾಹನದ ದಾಖಲೆಗೆ ಜೋಡಣೆಯಾಗಿರುತ್ತದೆ. ಹಿಂದಿನ ಫಲಕಕ್ಕೆ ಸ್ಕ್ರೂ ಬದಲು ಸ್ನ್ಯಾಪ್ ಲಾಕ್. ಒಮ್ಮೆ ಕೂತರೆ ಮುರಿಯದೆ ಬಿಚ್ಚಲಾಗದು.

ರಾತ್ರಿ ಕರೆಂಟು ಹೋದಾಗ ಮಗಳು ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಸ್ಕೂಟರಿನತ್ತ ಬಿಟ್ಟಳು. ಫಲಕ ಹೊತ್ತಿಕೊಂಡಂತೆ ಹೊಳೆಯಿತು. ಟಾರ್ಚನ್ನು ಅಪ್ಪನ ಕೈಗಿತ್ತು, ಅವರನ್ನು ನಾಲ್ಕು ಹೆಜ್ಜೆ ಪಕ್ಕಕ್ಕೆ ನಿಲ್ಲಿಸಿದಳು. ಈಗ ಅವಳಿಗೆ ಫಲಕ ಮಂಕು. ಅಪ್ಪನಿಗೆ ಮಾತ್ರ ಝಗಝಗ! ಏಕೆ? ಓರೆಯಾಗಿ ಬಿದ್ದ ಬೆಳಕನ್ನು ಕನ್ನಡಿ ಆಚೆ ಬದಿಗೆ ಎಸೆಯುತ್ತದೆ. ಸುಣ್ಣದ ಗೋಡೆ ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಇಂಥ ಪ್ರತಿಫಲನ ಹಾಳೆಯಲ್ಲಿರುವ ಗಾಜಿನ ಸೂಕ್ಷ್ಮ ಮಣಿಗಳೋ ಅಶ್ರಗಗಳೋ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತವೆ. ಹಿಂದಿನಿಂದ ಬರುವ ಲಾರಿಯ ದೀಪ ಬಿದ್ದರೆ ಸಾಕು, ಆ ಚಾಲಕನಿಗೇ ಫಲಕ ಚೆನ್ನಾಗಿ ಕಾಣುತ್ತದೆ. ಪ್ರಯೋಗವನ್ನು ನೀವೂ ಮಾಡಿ ನೋಡಬಹುದು, ಮನೆಯಂಗಳದಲ್ಲಿ, ರಸ್ತೆಯಲ್ಲಲ್ಲ.

ಹಾಗೆಂದು ತಗಡೊಂದೇ ಕಳ್ಳನನ್ನು ಹಿಡಿದುಕೊಡದು. ಸಂಖ್ಯೆಯನ್ನು ದಾಖಲೆಯೊಡನೆ ತಾಳೆ ನೋಡುವವರು ಬೇಕು. ಅಸಲಿನಂತೆ ಕಾಣುವ ನಕಲಿ ಫಲಕ ಮಾರುವವರೂ ಇದ್ದಾರಲ್ಲ.

ಹಳೆಯ ಫಲಕವನ್ನು ಅಪ್ಪ ಗುಜರಿಯವನಿಗೆ ಹಾಗೆಯೇ ಕೊಡಲಿಲ್ಲ. ‘ಯಾರಾದರೂ ಹಾಕಿಕೊಂಡಾರು’ ಎನ್ನುತ್ತ ಕತ್ತರಿ ತಂದು, ನಂಬರಿನ ನಡುವೆಯೇ ಎರಡು ತುಂಡು ಮಾಡಿದರು.