ಕೆಎ 14 ಗಡಿ ದಾಟಿದಾಗ

ಶಿವಮೊಗ್ಗದ ಬೈಕ್ ಸವಾರನಿಗೆ ಮೂರು ರಾಜ್ಯಗಳ ದಾರಿ ಬಾಯಿಪಾಠ. ಸಾಗರ, ಜೋಗ, ಹೊನ್ನಾವರ ಕಳೆದು ಕಾರವಾರದ ಮಾಜಾಳಿ ದಾಟಿದರೆ ಗೋವಾ. ಆಗುಂಬೆ ಘಾಟಿ ಇಳಿದು ಉಡುಪಿ, ಮಂಗಳೂರು ಮುಗಿಸಿ ತಲಪಾಡಿ ದಾಟಿದರೆ ಕೇರಳ. ಮೈಸೂರಿನ ಮೇಲೆ ಹಾದು ಬಂಡೀಪುರದ ಕಾಡು ಕಳೆದರೆ ನೀಲಗಿರಿ. ಭದ್ರಾವತಿಯವರಿಗಂತೂ ಗಡಿ ದಾಟುವುದೆಂದರೆ ಬರೀ ಪ್ರವಾಸವಲ್ಲ. 1923ರಲ್ಲಿ ಅಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡ ಮೇಲೆ ಕೆಲಸ ಹುಡುಕಿ ಬಂದ ತಮಿಳು, ತೆಲುಗು, ಮಲಯಾಳ ಮನೆಮಾತಿನ ಕುಟುಂಬಗಳು ಅಲ್ಲಿಯೇ ನೆಲೆ ನಿಂತವು. ಎಷ್ಟೋ ಮನೆಗಳವರಿಗೆ ಮಾವನ ಮನೆಯೂ ಕುಲದೇವರೂ ಇಂದಿಗೂ ಗಡಿಯಾಚೆಯೇ.

ಹೀಗೆ ಹೊರಟ ಸವಾರ ಬಾಯಿ ತೆರೆಯುವ ಮೊದಲೇ ಕೆಎ 14 ನಂಬರ್ ಪ್ಲೇಟು ಅವನ ಊರು ಹೇಳಿಬಿಡುತ್ತದೆ. ಹೊರಗಿನ ಗಾಡಿಯೆಂದು ಕಂಡರೆ ತಪಾಸಣೆಯ ಕೈ ಬೇಗ ಅಡ್ಡ ಬರುತ್ತದೆ. ನಿಲ್ಲಿಸಿ ಕೇಳುವುದು ಪೊಲೀಸರ ಕೆಲಸ, ತೋರಿಸುವುದು ನಮ್ಮ ಕೆಲಸ, ಅಲ್ಲಿಯವರೆಗೆ ತಕರಾರಿಲ್ಲ. ಕಷ್ಟ ಶುರುವಾಗುವುದು ಅದರ ನಂತರ. ಭಾಷೆ ಬಾರದು, ಪರಿಚಯದವರಿಲ್ಲ, ಕತ್ತಲಾಗುವುದರೊಳಗೆ ಮುಂದಿನ ಊರು ಸೇರಬೇಕು. ಆ ಆತುರದಲ್ಲೇ ಜೇಬಿನ ನೋಟು ರಸೀದಿಯಿಲ್ಲದೆ ಕೈ ಬದಲಾಯಿಸುತ್ತದೆ.

ಭದ್ರಾವತಿಯ ಕಾಗದನಗರದ ನನ್ನ ಗೆಳೆಯನೊಬ್ಬ ಇಂಥ ಹೊತ್ತಿನಲ್ಲಿ ನಡೆದುಕೊಂಡ ರೀತಿ ನನಗೆ ಮೆಚ್ಚುಗೆ. ಹಿಂದೆ ಕೂತಿದ್ದ ಅವನ ತಮ್ಮ ಹೆಲ್ಮೆಟ್ ಹಾಕಿರಲಿಲ್ಲ. ಅರ್ಧ ಕೊಟ್ಟು ಹೋಗಿ ಎಂಬ ಮಾತು ಬಂದಾಗ ಅವನು, "ತಪ್ಪು ನಮ್ಮದೇ ಸಾರ್. ಪೂರ್ತಿ ಫೈನ್ ಕಟ್ತೀನಿ, ರಸೀದಿ ಕೊಡಿ" ಅಂದನಂತೆ. ರಸೀದಿ ಬಂತು. ಅವನು ಕಳೆದುಕೊಂಡದ್ದು ಕೆಲವು ನೂರು ರೂಪಾಯಿ. ಆ ಹಣ ಸರ್ಕಾರದ ಖಜಾನೆ ಸೇರಿತು, ತಮ್ಮನ ತಲೆಗೆ ಮುಂದಿನ ಊರಿನಲ್ಲೇ ಹೆಲ್ಮೆಟ್ ಬಂತು. ದಂಡ ಇರುವುದೇ ಇದಕ್ಕಾಗಿ.

ಒಂದೇ ತಪ್ಪಿಗೆ ರಾಜ್ಯಕ್ಕೊಂದು ದರ ಯಾಕೆ ಎಂದು ಹಲವರು ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆ ದೇಶಕ್ಕೆಲ್ಲ ಒಂದೇ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಹೆಲ್ಮೆಟ್ ಇಲ್ಲದ ಸವಾರಿಗೆ ಸಾವಿರ ರೂಪಾಯಿ ದಂಡ ಗೊತ್ತುಮಾಡಿತು. ಮೂರು ತಿಂಗಳು ಲೈಸೆನ್ಸ್ ಅಮಾನತಿಗೂ ದಾರಿ ತೆರೆಯಿತು. ಆದರೆ ಕೋರ್ಟಿಗೆ ಹೋಗದೆ ರಸ್ತೆಯಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ಆಯಾ ರಾಜ್ಯ ಸರ್ಕಾರ ನಿಗದಿ ಮಾಡಬಹುದು ಎನ್ನುತ್ತದೆ 200ನೇ ಕಲಂ. ಕರ್ನಾಟಕ, ಕೇರಳ ಅದನ್ನು ಐನೂರಕ್ಕೆ ಇಳಿಸಿದವು; ತಮಿಳುನಾಡು ಸಾವಿರದಲ್ಲೇ ಉಳಿಸಿತು. ಗುಂಡ್ಲುಪೇಟೆಯ ದರವನ್ನು ಊಟಿಯಲ್ಲಿ ಹಿಡಿದು ವಾದಿಸಿ ಫಲವಿಲ್ಲ.

ವಾದಿಸಬೇಕಾದ ಕಡೆ ಮಾತ್ರ ಸುಮ್ಮನಿರಬಾರದು. ಡಿಜಿಲಾಕರ್, ಎಂಪರಿವಾಹನ್ ಆ್ಯಪುಗಳಲ್ಲಿರುವ ಆರ್‌ಸಿ, ಡಿಎಲ್, ಇನ್ಶೂರೆನ್ಸ್ ಕಾನೂನಿನ ಕಣ್ಣಲ್ಲಿ ಮೂಲ ದಾಖಲೆಗೆ ಸಮ. ಹೊರರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲೇ ಉಳಿದರೆ ಮಾತ್ರ ಹೊಸ ನೋಂದಣಿ ಬೇಕು. ವಾರದ ಮಟ್ಟಿಗೆ ಬಂದ ಪ್ರವಾಸಿ ಅದಕ್ಕೆ ಹೆದರಬೇಕಾಗಿಲ್ಲ. ಇವಿಷ್ಟು ಗೊತ್ತಿದ್ದವನ ದನಿ ತಾನಾಗಿಯೇ ತಗ್ಗುತ್ತದೆ, ಎದುರಿನವರ ದನಿಯೂ ತಗ್ಗುತ್ತದೆ.

ಈಗ ನಿಲ್ಲಿಸಲು ಮನುಷ್ಯರೇ ಬೇಕೆಂದಿಲ್ಲ. ಕೇರಳ 2023ರ ಜೂನ್ 5ರಿಂದ ರಾಜ್ಯದ ಉದ್ದಕ್ಕೂ 726 ಕ್ಯಾಮೆರಾಗಳ ಮೂಲಕ ದಂಡ ಹಾಕತೊಡಗಿತು. ತಲಪಾಡಿ ದಾಟಿ ಬೇಕಲ ಕೋಟೆ ನೋಡಿ ಬಂದವರ ಮೊಬೈಲಿಗೆ ಅವರು ಶಿವಮೊಗ್ಗದ ಗೋಪಿ ಸರ್ಕಲ್‌ನಲ್ಲಿ ಕಾಫಿ ಕುಡಿಯುವಾಗ ಚಲನ್ ಬರುತ್ತದೆ. ಕ್ಯಾಮೆರಾ ಹಿಡಿದ ತಪ್ಪಿಗೆ ಹದಿನೈದು ದಿನದೊಳಗೆ ನೋಟಿಸ್ ಕಳಿಸಬೇಕೆಂದು 2021ರ ಆಗಸ್ಟ್‌ನ ನಿಯಮ ಹೇಳಿತು. ಮೆಸೇಜ್ ಬಂದಾಗ ಲಿಂಕ್ ಒತ್ತದೆ, ಪರಿವಾಹನ್‌ನ ಇ-ಚಲನ್ ತಾಣವನ್ನು ನಾವೇ ತೆರೆದು ಗಾಡಿ ನಂಬರ್ ಹಾಕಿ ನೋಡಬೇಕು. ಚಲನ್ ಹೆಸರಿನಲ್ಲಿ ವಾಟ್ಸಾಪಿಗೆ ಎಪಿಕೆ ಫೈಲ್ ಕಳಿಸಿ ಬ್ಯಾಂಕ್ ಖಾತೆ ಬರಿದು ಮಾಡುವ ಕಳ್ಳರಿದ್ದಾರೆ. ಚಲನ್ ನಿಜವೇ ಆಗಿದ್ದರೆ ಕಟ್ಟಿಬಿಡುವುದು ಒಳ್ಳೆಯದು. ಬಾಕಿ ಉಳಿದದ್ದು ಗಾಡಿ ಮಾರುವ ಹೊತ್ತಿಗೆ ಆರ್‌ಟಿಒದಲ್ಲಿ ಎದ್ದು ನಿಲ್ಲುತ್ತದೆ.

ತಪ್ಪು ಮಾಡಿದವನಿಗೆ ಹೀಗೆ ಮನೆಯಿಂದಲೇ ದಾರಿಯಿದೆ. ತಪ್ಪು ಮಾಡದವನ ಗತಿ? ನನ್ನ ಗಾಡಿ ಸವಳಂಗ ರಸ್ತೆಯ ಮನೆಯಲ್ಲೇ ನಿಂತಿದ್ದ ದಿನಕ್ಕೆ, ನಾನೆಂದೂ ಕಾಲಿಡದ ಹೊರರಾಜ್ಯದ ಊರೊಂದರಿಂದ ಚಲನ್ ಬಂದಿತ್ತು. ಫೋಟೊದಲ್ಲಿದ್ದದ್ದು ಬೇರೆ ಬಣ್ಣದ, ಬೇರೆ ಕಂಪನಿಯ ಗಾಡಿ. ಪ್ಲೇಟಿನ ಒಂದು ಅಂಕಿ ತಪ್ಪಾಗಿ ಓದಿದ್ದರು. ಆರ್‌ಸಿ ಮತ್ತು ಗಾಡಿಯ ಫೋಟೊ ಸೇರಿಸಿ ತಾಣದಲ್ಲೇ ದೂರು ಕೊಟ್ಟೆ. ಮತ್ತೆ ಮತ್ತೆ ಬರೆದ ಮೇಲೆ ರದ್ದಾಯಿತು. ರದ್ದಾಗದೆ ಹೋಗಿದ್ದರೆ ಮುಂದಿನ ಬಾಗಿಲು ಕೋರ್ಟು. ವರ್ಚುವಲ್ ಕೋರ್ಟಿನಲ್ಲಿ ತಪ್ಪೊಪ್ಪಿ ದಂಡ ಕಟ್ಟುವುದು ಮನೆಯಲ್ಲೇ ಕೂತು ಆಗುವ ಕೆಲಸ. ಒಪ್ಪುವುದಿಲ್ಲ ಎಂದವನ ಕೇಸು ಮಾತ್ರ ಚಲನ್ ಹಾಕಿದ ಊರಿನ ನ್ಯಾಯಾಲಯಕ್ಕೆ ಹೋಗುತ್ತದೆ. ಐನೂರು ರೂಪಾಯಿ ಉಳಿಸಲು ರಜೆ ಹಾಕಿ, ಬಸ್ಸು ಹಿಡಿದು, ಗೊತ್ತಿಲ್ಲದ ಊರಲ್ಲಿ ವಕೀಲರನ್ನು ಹುಡುಕುವವರು ಯಾರು? ಮಾಡದ ತಪ್ಪನ್ನು ಒಪ್ಪಿಕೊಂಡು ಜನ ಕಟ್ಟುತ್ತಾರೆ. ಅಲ್ಲಿ ದಂಡ ಹಾಕುವುದು ಕಾನೂನಲ್ಲ, ದೂರ.

ದಾರಿ ಸುಲಭವಾದರೆ ಜನ ಬರುತ್ತಾರೆ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. 2023ರ ಫೆಬ್ರುವರಿಯಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಸಲಹೆಯಂತೆ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ, ಬೆಂಗಳೂರೊಂದರಲ್ಲೇ ಕೆಲವೇ ದಿನಗಳಲ್ಲಿ ನೂರು ಕೋಟಿ ಮೀರಿ ಸಂಗ್ರಹವಾಯಿತು. ವಸೂಲಿಗೆ ತೋರಿದ ಆ ಉತ್ಸಾಹವನ್ನು ಅಹವಾಲು ಕೇಳುವುದಕ್ಕೂ ತೋರಬೇಕು. ಚಲನ್ ಫೋಟೊವನ್ನು ನೂರಾರು ಮೈಲಿ ಕಳಿಸಬಲ್ಲ ವ್ಯವಸ್ಥೆಗೆ, ಅದೇ ತಂತಿಯ ಮೇಲೆ ಸವಾರನ ಮಾತು ತರಿಸಿಕೊಳ್ಳುವುದು ಅಸಾಧ್ಯವೇನಲ್ಲ. ಭದ್ರಾವತಿಯ ಕೋರ್ಟಿನ ಒಂದು ಕೋಣೆಯಲ್ಲಿ ವಿಡಿಯೊ ಮುಂದೆ ಕೂತು, ಕನ್ನಡದಲ್ಲೇ ಮಾತಾಡಿ, ಹೊರರಾಜ್ಯದ ನ್ಯಾಯಾಧೀಶರ ಎದುರು ಹತ್ತು ನಿಮಿಷದಲ್ಲಿ ಕೇಸು ಮುಗಿಯುವಂತಾಗಬೇಕು. ಹೆಲ್ಮೆಟ್ ಇಬ್ಬರ ತಲೆಗೂ ಹಾಕಿ, ಎಮಿಷನ್, ಇನ್ಶೂರೆನ್ಸ್ ಚಾಲ್ತಿಯಲ್ಲಿಟ್ಟು ಹೊರಡುವುದು ನಮ್ಮ ಪಾಲಿನ ಹೊಣೆ. ಆ ಹೊಣೆ ಹೊತ್ತವನಿಗೆ ಇಷ್ಟನ್ನು ಕೇಳುವ ಹಕ್ಕಿದೆ.